ಊರ ಮೇಲೆ ಹಾರಿದ ಆ ದೊಡ್ಡ ಹಕ್ಕಿ ಯಾವುದು?

(ಚಿಕ್ಕಮಗಳೂರಿನಲ್ಲಿ ಹಕ್ಕಿ ನೋಡುವ ಗೆಳೆಯರು ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತಿಗೆ ಕಾರಣ ಒಂದು ಫೋಟೋ. ನಿಮ್ಮಲ್ಲಿ ಬಹಳ ಜನರ ಮೊಬೈಲಿಗೆ ಅದು ಬಂದಿರುತ್ತದೆ. ಬಸವನಹಳ್ಳಿ ಕಡೆಯ ನೀರಿನ ಟ್ಯಾಂಕೊಂದರ ಅಂಚಿನಲ್ಲಿ ಕಂದು ಬಣ್ಣದ ದೊಡ್ಡ ಹಕ್ಕಿ ಕೂತಿದೆ. ಒಬ್ಬರು ಅದರ ಕೆಳಗೆ 'ಗೋಲ್ಡನ್ ಈಗಲ್' ಎಂದು ಬರೆದರು. ಇನ್ನೊಬ್ಬರು 'ರಣಹದ್ದು ಮತ್ತೆ ಬಂತು' ಎಂದರು. ಸಂಜೆಯ ಹೊತ್ತಿಗೆ 'ಚಿಕ್ಕ ಮಕ್ಕಳನ್ನು ಟೆರೇಸಿಗೆ ಬಿಡಬೇಡಿ' ಎಂಬ ಎಚ್ಚರಿಕೆಯೂ ಸೇರಿಕೊಂಡಿತು. ನನಗೆ ಅದೇ ಫೋಟೋ ಬೇರೆ ಬೇರೆಯವರಿಂದ ಬಂತು, ಪ್ರಶ್ನೆ ಮಾತ್ರ ಒಂದೇ. ಇದು ಯಾವ ಹಕ್ಕಿ?

ಆ ಹಕ್ಕಿಯ ಹೆಸರನ್ನು ಈಗಲೇ ಹೇಳಬಹುದು. ಆದರೆ ಹೆಸರು ಹೇಳಿದರೆ ಆ ಒಂದು ಹಕ್ಕಿ ಮಾತ್ರ ಗೊತ್ತಾಗುತ್ತದೆ. ಮುಂದಿನ ವಾರ ಇನ್ನೊಂದು ಬಂದಾಗ ಮತ್ತೆ ಅದೇ ಪ್ರಶ್ನೆ. ಹಾಗಾಗಿ ನೋಡುವುದು ಹೇಗೆ ಎಂಬುದರಿಂದ ಶುರು ಮಾಡೋಣ. ಟ್ಯಾಂಕಿನ ಹಕ್ಕಿಗೆ ಆಮೇಲೆ ಬರುತ್ತೇನೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ದೊಡ್ಡ ಬೇಟೆಹಕ್ಕಿಗಳನ್ನು ಗುರುತಿಸಬೇಕು ಅಂದರೆ ಮೊದಲು ಮಾಮೂಲಿ ಹದ್ದನ್ನು ಕಲಿಯಿರಿ. ಮಟನ್ ಅಂಗಡಿಗಳ ಮೇಲೆ, ಕಸ ಸುರಿಯುವ ಜಾಗದ ಮೇಲೆ, ಸಂತೆ ಮುಗಿದ ಮೈದಾನದ ಮೇಲೆ ದಿನಾ ಸುತ್ತುತ್ತದಲ್ಲ, ಅದೇ ಹದ್ದು. ಅದನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ದಿನಾ ಕಾಣುತ್ತದೆ ಅನ್ನುವುದೇ ಕಾರಣ. ಅದು ಚೆನ್ನಾಗಿ ಕಣ್ಣಿಗೆ ಕೂತರೆ ಬೇರೆ ಯಾವ ಹಕ್ಕಿ ಬಂದರೂ 'ಇದು ಹದ್ದಲ್ಲ' ಎಂದು ತಕ್ಷಣ ಗೊತ್ತಾಗುತ್ತದೆ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ಹದ್ದನ್ನು ನೋಡೋಣ. ಪುಸ್ತಕಗಳಲ್ಲಿ ಇದಕ್ಕೆ ಬ್ಲ್ಯಾಕ್ ಕೈಟ್ ಎಂಬ ಹೆಸರಿರುತ್ತದೆ. ಹೆಸರಿನಲ್ಲಿ ಕಪ್ಪು ಇದ್ದರೂ ಮೈಯೆಲ್ಲ ಕಂದು. ಕಣ್ಣಿನ ಹಿಂದೆ ಒಂದು ಕಪ್ಪು ಗುರುತು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 60 ಸೆಂಟಿಮೀಟರ್. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರಿನ ಹತ್ತಿರ. ತೂಕ ಮಾತ್ರ ಸಾಮಾನ್ಯವಾಗಿ ಒಂದು ಕೆಜಿಯ ಒಳಗೇ. ಈ ತೂಕದ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಆಕಾಶದಲ್ಲಿ ಹದ್ದನ್ನು ಹಿಡಿದುಕೊಡುವುದು ಬಣ್ಣವಲ್ಲ, ಅಳತೆಯೂ ಅಲ್ಲ. ಬಾಲ. ಹದ್ದಿನ ಬಾಲದ ತುದಿ ನಡುವೆ ಒಳಕ್ಕೆ ತಗ್ಗಿರುತ್ತದೆ, ಎರಡು ಮೂಲೆಗಳು ಚೂಪಾಗಿರುತ್ತವೆ. ಹಾರುವಾಗ ಆ ಬಾಲ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ದೋಣಿಯವನು ಚುಕ್ಕಾಣಿ ತಿರುಗಿಸಿದ ಹಾಗೆ ಆ ಕಡೆ ಈ ಕಡೆ ಓರೆ ಮಾಡುತ್ತಲೇ ಇರುತ್ತದೆ. ವಿದ್ಯುತ್ ತಂತಿ, ಮರ, ಮಹಡಿ ಮನೆಗಳ ನಡುವೆ ನುಸುಳಿ, ರಸ್ತೆಯಲ್ಲಿ ಬಿದ್ದ ಮಾಂಸದ ಚೂರನ್ನು ಎತ್ತಿಕೊಂಡು ಹೋಗುವ ಚುರುಕು ಅದಕ್ಕೆ ಬಂದಿರುವುದು ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಹದ್ದು ಬಾಲವನ್ನು ಪೂರ್ತಿ ಅಗಲಿಸಿದರೆ ಆ ತಗ್ಗು ಕಾಣುವುದಿಲ್ಲ, ಅಂಚು ನೇರವಾಗಿ ಬಿಡುತ್ತದೆ. ಗರಿ ಉದುರುವ ಕಾಲದಲ್ಲೂ ಹಾಗೇ ಮೋಸ ಹೋಗಬಹುದು. ಅದಕ್ಕೇ ಒಂದು ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಹಕ್ಕಿ ಒಂದು ಸುತ್ತು ತಿರುಗುವವರೆಗೆ ಕಾಯಿರಿ. ನಡುನಡುವೆ ಬಾಲ ಮುಚ್ಚುತ್ತದೆ, ಆಗ ತಗ್ಗು ಕಾಣುತ್ತದೆ.

ಇನ್ನು ರೆಕ್ಕೆ. ಹದ್ದಿನ ರೆಕ್ಕೆ ಮಣಿಕಟ್ಟಿನ ಜಾಗದಲ್ಲಿ, ಅಂದರೆ ರೆಕ್ಕೆ ನಡುವೆ ಮಡಚುವಲ್ಲಿ, ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ತೇಲುವಾಗ ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿಯುವುದಿಲ್ಲ, ಹೆಚ್ಚುಕಡಿಮೆ ಮಟ್ಟಸವಾಗಿ ಅಥವಾ ತುದಿಗಳನ್ನು ತುಸು ಇಳಿಸಿ ಹಿಡಿಯುತ್ತದೆ. ಕೂಗಿದರೆ ಸಣ್ಣದಾಗಿ, ನಡುಗುವ ಸಿಳ್ಳೆ. ಇಷ್ಟು ತಲೆಯಲ್ಲಿ ಇಟ್ಟುಕೊಂಡು ಬೇರೆಯವುಗಳ ಕಡೆ ಹೋಗೋಣ.

ಮೊದಲು ಗರುಡ. ಕೆರೆ ಇರುವ ಊರಿನವರಿಗೆ ಇದರ ಪರಿಚಯ ಹೇಳಬೇಕಿಲ್ಲ. ತಲೆ, ಎದೆ ಬಿಳಿ. ಉಳಿದ ಮೈ ಕೆಂಗಂದು. ನಮ್ಮ ಕಡೆ ಅನೇಕ ಜಾತ್ರೆಗಳಲ್ಲಿ ತೇರು ಎಳೆಯುವ ಮೊದಲು ಜನ ಆಕಾಶ ನೋಡುತ್ತಾ ನಿಲ್ಲುವುದು ಇದಕ್ಕೇ. ಕಂಡ ಕೂಡಲೇ ಕೈ ಮುಗಿಯುತ್ತಾರೆ. ಈ ಹಕ್ಕಿಯನ್ನು ನಮ್ಮ ಜನ ಕಲ್ಲು ಹೊಡೆದು ಓಡಿಸದೆ ಉಳಿಸಿಕೊಂಡಿದ್ದರಲ್ಲಿ ಆ ಭಕ್ತಿಯ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ದೊಡ್ಡ ಗರುಡನನ್ನು ಯಾರೂ ತಪ್ಪು ಮಾಡುವುದಿಲ್ಲ. ಕಷ್ಟ ಕೊಡುವುದು ಮರಿ ಗರುಡ. ಅದು ಪೂರ್ತಿ ಕಂದು, ಥೇಟ್ ಹದ್ದಿನ ಹಾಗೇ ಕಾಣುತ್ತದೆ. ಬಿಳಿ, ಕೆಂಪು ಬಣ್ಣ ಬರಲು ವರ್ಷಗಳೇ ಬೇಕು. ಆಗ ಏನು ಮಾಡುವುದು? ಬಾಲ ನೋಡಿ. ಗರುಡನ ಬಾಲದ ತುದಿ ದುಂಡಗೆ. ತಗ್ಗು ಇಲ್ಲವೇ ಇಲ್ಲ. ಗಾತ್ರವೂ ಹದ್ದಿಗಿಂತ ಸ್ವಲ್ಪ ಕಡಿಮೆ. ಕೋಟೆ ಕೆರೆ, ಬಸವನಹಳ್ಳಿ ಕೆರೆಗಳ ಸುತ್ತ ಕಂದು ಬಣ್ಣದ 'ಹದ್ದು' ಕಂಡಾಗಲೆಲ್ಲ ಬಾಲವನ್ನು ಒಮ್ಮೆ ನೋಡಿಬಿಡಿ.

ಈಗ ನಮ್ಮ ಊರಿನ ವಿಶೇಷಕ್ಕೆ ಬರೋಣ. ಚಿಕ್ಕಮಗಳೂರು ಕೂತಿರುವ ಜಾಗ ನೋಡಿ. ಒಂದು ಕಡೆ ಚಂದ್ರದ್ರೋಣ ಬೆಟ್ಟಸಾಲು, ಕಾಫಿ ತೋಟ, ಶೋಲಾ ಕಾಡು. ಇನ್ನೊಂದು ಕಡೆ ಸಖರಾಯಪಟ್ಟಣ ದಾಟಿದರೆ ಕಡೂರಿನ ಬಯಲು. ಮಲೆನಾಡು ಮತ್ತು ಬಯಲುಸೀಮೆ ಸೇರುವ ಗೆರೆಯ ಮೇಲೆ ಊರು ಇದೆ. ಬೇಟೆಹಕ್ಕಿಗೆ ರೆಕ್ಕೆ ಇದೆ, ಬಿಸಿಗಾಳಿ ಹಿಡಿದರೆ ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಈ ಕಡೆಗೆ ಬಂದುಬಿಡುತ್ತದೆ. ಹಾಗಾಗಿ ನಮ್ಮ ತಲೆಯ ಮೇಲೆ ಕಾಡಿನ ಹಕ್ಕಿಯೂ ಹಾರಬಹುದು, ಬಯಲಿನ ಹಕ್ಕಿಯೂ ಹಾರಬಹುದು. ಇದು ನಮ್ಮ ಭಾಗ್ಯ.

ತೋಟದ ಕಡೆಯಿಂದ ಬರುವವರಲ್ಲಿ ಮೊದಲನೆಯದು ಹಾವು ಗಿಡುಗ, ಕ್ರೆಸ್ಟೆಡ್ ಸರ್ಪೆಂಟ್ ಈಗಲ್. ಆಲ್ದೂರು, ಮೂಡಿಗೆರೆ ಕಡೆ ತೋಟ ಇರುವವರು ಇದರ ಕೂಗನ್ನು ಕೇಳಿಯೇ ಇರುತ್ತಾರೆ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಎತ್ತರದಲ್ಲಿ ಸುತ್ತುತ್ತಾ, ಒಂದು ಉದ್ದ ಸಿಳ್ಳೆ, ಅದರ ಹಿಂದೆ ಎರಡು ಮೂರು ಗಿಡ್ಡ ಸಿಳ್ಳೆ ಹಾಕುತ್ತದೆ. ತಲೆ ಎತ್ತಿ ನೋಡಿದರೆ ರೆಕ್ಕೆಯ ಕೆಳಗೆ ಅಗಲವಾದ ಬಿಳಿ ಪಟ್ಟೆ, ಅದರ ಹಿಂದಿನ ಅಂಚು ಕಪ್ಪು. ಬಾಲದಲ್ಲೂ ಅಂಥದೇ ಬಿಳಿ ಪಟ್ಟೆ. ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ತೇಲುತ್ತದೆ. ಕೂತಾಗ ಕಣ್ಣು, ಮುಖ, ಕಾಲು ಎಲ್ಲ ಹಳದಿ. ಇಷ್ಟು ಗುರುತು ಒಟ್ಟಿಗೆ ಕೊಡುವ ದೊಡ್ಡ ಹಕ್ಕಿ ಇನ್ನೊಂದಿಲ್ಲ. ಕೂಗಿನ ವಿಷಯದಲ್ಲಿ ಮಾತ್ರ ಹುಷಾರು. ಭೀಮರಾಜ ಎಂಬ ಹಕ್ಕಿ ಇದೇ ಕೂಗನ್ನು ಅಚ್ಚುಕಟ್ಟಾಗಿ ಅನುಕರಿಸುತ್ತದೆ. ಮರದೊಳಗಿಂದ ಸಿಳ್ಳೆ ಬಂದರೆ ಹಕ್ಕಿ ಕಾಣುವವರೆಗೆ ಬರೆದುಕೊಳ್ಳಬೇಡಿ.

ಬ್ಲ್ಯಾಕ್ ಈಗಲ್ ನನಗೆ ಬಹಳ ಪ್ರಿಯವಾದ ಹಕ್ಕಿ. ಸ್ವಲ್ಪ ಜಾಸ್ತಿ ಹೇಳಿದರೆ ಕ್ಷಮಿಸಿ. ಇದು ನಿಜವಾಗಿಯೂ ಕಪ್ಪು. ಹಳದಿ ಕಾಲು, ಕೊಕ್ಕಿನ ಬುಡದಲ್ಲಿ ಹಳದಿ. ಹದ್ದಿಗಿಂತ ದೊಡ್ಡದು, 70 ಸೆಂಟಿಮೀಟರ್ ದಾಟುತ್ತದೆ. ರೆಕ್ಕೆ ಮೈಗೆ ಸೇರುವಲ್ಲಿ ಕಿರಿದು, ತುದಿಗೆ ಹೋದಂತೆ ಅಗಲ, ತುದಿಯ ಗರಿಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಅದು ಹಾರುವ ರೀತಿಯನ್ನು ಒಮ್ಮೆ ನೋಡಿದರೆ ಮರೆಯಲಾಗುವುದಿಲ್ಲ. ಮರದ ತುದಿಗಳನ್ನು ಸವರಿಕೊಂಡು, ರೆಕ್ಕೆ ಬಡಿಯದೆ, ನಿಂತುಬಿಡುತ್ತದೇನೋ ಅನ್ನುವಷ್ಟು ನಿಧಾನವಾಗಿ ಸಾಗುತ್ತದೆ. ಈ ನಿಧಾನಕ್ಕೆ ಕಾರಣ ಇದೆ. ಅದು ಹುಡುಕುವುದು ಬೇರೆ ಹಕ್ಕಿಗಳ ಗೂಡನ್ನು. ಮೊಟ್ಟೆ, ಮರಿ ಇರುವ ಗೂಡು ಸಿಕ್ಕರೆ ಕೆಲವೊಮ್ಮೆ ಗೂಡನ್ನೇ ಕಿತ್ತು ಎತ್ತಿಕೊಂಡು ಹೋಗುತ್ತದೆ. ಅದರ ಒಳಬೆರಳಿನ ಉಗುರು ಬಹಳ ಉದ್ದ, ಹೊರಬೆರಳು ಗಿಡ್ಡ. ಗೂಡನ್ನು ಬಾಚಿ ತಬ್ಬಿ ಹಿಡಿಯುವುದಕ್ಕೆ ತಕ್ಕ ಕಾಲು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಹೋಗುವಾಗ ಕಣಿವೆಯ ಕಡೆ ಕೆಳಗೆ ನೋಡಿ. ಸುಮಾರು 1,930 ಮೀಟರ್ ಎತ್ತರದ ಆ ಬೆಟ್ಟದ ಪಕ್ಕೆಯಲ್ಲಿ ನಾವು ಮೇಲೆ, ಹಕ್ಕಿ ಕೆಳಗೆ ಇರುವ ಅವಕಾಶ ಸಿಗುತ್ತದೆ. ಅದರ ಬೆನ್ನು ಕಾಣುವುದು ಅಲ್ಲೇ.

ಬಯಲಿನ ಕಡೆ ಬೇರೆಯದೇ ಬಳಗ. ಕಡೂರು ತಾಲ್ಲೂಕಿನಲ್ಲಿ ಬಾಸೂರು ಅಮೃತ ಮಹಲ್ ಕಾವಲು ಇದೆ, ಕೃಷ್ಣಮೃಗಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಇಂಥ ತೆರೆದ ಬಯಲಿನ ಹಕ್ಕಿ ಶಾರ್ಟ್ ಟೋಡ್ ಸ್ನೇಕ್ ಈಗಲ್. ಕೆಳಗಿನಿಂದ ಬೆಳ್ಳಗೆ ಕಾಣುತ್ತದೆ, ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ನೆಲದ ಹಾವನ್ನು ನೋಡುತ್ತದೆ. ಇಷ್ಟು ದೊಡ್ಡ ಹಕ್ಕಿ ಗಾಳಿಯಲ್ಲಿ ನಿಂತರೆ ಮೊದಲು ಇದರ ಹೆಸರೇ ನೆನಪಾಗಬೇಕು. ಚಳಿಗಾಲದಲ್ಲಿ ದೂರದಿಂದ ಬರುವ ಅತಿಥಿಗಳೂ ಇದ್ದಾರೆ. ಬೂಟೆಡ್ ಈಗಲ್ ಗಾತ್ರದಲ್ಲಿ ಹದ್ದಿನಷ್ಟೇ ಇರುತ್ತದೆ, ಹದ್ದುಗಳ ಜೊತೆಯಲ್ಲೇ ಸುತ್ತುತ್ತದೆ. ನಿಮ್ಮ ಕಡೆ ಮುಖ ಮಾಡಿ ಬರುವಾಗ ಕತ್ತಿನ ಎರಡೂ ಪಕ್ಕ, ರೆಕ್ಕೆಯ ಬುಡದಲ್ಲಿ ಎರಡು ಬಿಳಿ ಚುಕ್ಕೆ ಕಂಡರೆ ಅದೇ. ಭದ್ರಾ ಜಲಾಶಯದಂಥ ದೊಡ್ಡ ನೀರಿದ್ದರೆ ಮೀನು ಗಿಡುಗ, ಅಂದರೆ ಆಸ್ಪ್ರೇ, ಕಾಲು ಮುಂದೆ ಚಾಚಿ ನೀರಿಗೆ ಧುಮುಕುವುದನ್ನೂ ನೋಡಬಹುದು.

ಈಗ ಟ್ಯಾಂಕಿನ ಹಕ್ಕಿ.

ಗೋಲ್ಡನ್ ಈಗಲ್ ನಮ್ಮ ದೇಶದಲ್ಲಿ ಹಿಮಾಲಯದ ಹಕ್ಕಿ. ಅದನ್ನು ಪಕ್ಕಕ್ಕಿಡಿ. ರಣಹದ್ದು ಆದರೆ ಕತ್ತಿನಲ್ಲಿ ಗರಿ ತೀರಾ ಕಡಿಮೆ, ಮೈ ಇನ್ನೂ ಭಾರಿ, ಬಾಲ ಗಿಡ್ಡ. ಅದೂ ಅಲ್ಲ. ಹದ್ದೇ ಇರಬಹುದೇ? ಫೋಟೋದಲ್ಲಿ ಬಾಲದ ಮೇಲೆ ಅಗಲವಾದ ಕಪ್ಪು ಪಟ್ಟೆಗಳಿವೆ, ತುದಿ ದುಂಡಗಿದೆ. ಹದ್ದಲ್ಲ. ಹಾಗಾದರೆ ಉಳಿದವು ಎರಡು. ಜುಟ್ಟು ಗಿಡುಗ, ಇಲ್ಲವೇ ಜೇನು ಗಿಡುಗ. ಜುಟ್ಟು ಗಿಡುಗ ತೋಟಗಳಲ್ಲಿ ಇರುವ ಬಲಿಷ್ಠ ಹಕ್ಕಿ, ತಲೆಯ ಮೇಲೆ ಉದ್ದ ಜುಟ್ಟು. ಇವೆರಡರ ಬಣ್ಣ ಎಷ್ಟೋ ಸಲ ಒಂದೇ ಥರ ಇರುತ್ತದೆ. ಬಡಪಾಯಿ ಜೇನು ಗಿಡುಗ ಬಲವಾದ ಗಿಡುಗದ ವೇಷ ಹಾಕಿ ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂದು ತಜ್ಞರು ಊಹಿಸುತ್ತಾರೆ.

ಕೂತ ಹಕ್ಕಿಯಾದರೆ ಕಾಲು ನೋಡಬೇಕು. ಜುಟ್ಟು ಗಿಡುಗದ ಕಾಲಿಗೆ ಬೆರಳಿನ ಬುಡದವರೆಗೂ ಗರಿ ಇರುತ್ತದೆ. ಜೇನು ಗಿಡುಗದ ಕಾಲಿನ ಕೆಳಭಾಗ ಬರಿದು, ಹಳದಿ. ಫೋಟೋ ದೊಡ್ಡದು ಮಾಡಿ ನೋಡಿದರೆ ಕಾಲು ಬರಿದಾಗಿತ್ತು. ತಲೆ ಚಿಕ್ಕದು, ಕತ್ತು ಉದ್ದ, ಹೆಚ್ಚುಕಡಿಮೆ ಪಾರಿವಾಳದ ತಲೆಯ ಆಕಾರ. ಗಿಡುಗಗಳ ಕಣ್ಣಿನ ಮೇಲೆ ಇರುವ, ಸಿಟ್ಟಾದಂತೆ ಕಾಣಿಸುವ ಆ ಹುಬ್ಬಿನ ಏಣು ಇರಲಿಲ್ಲ. ಟ್ಯಾಂಕಿನ ಹತ್ತಿರ ಹೋಗಿ ನೋಡಿದಾಗ ಅನುಮಾನ ಪೂರ್ತಿ ಹೋಯಿತು. ಟ್ಯಾಂಕಿನ ಕೆಳಗೆ ಹೆಜ್ಜೇನಿನ ತಟ್ಟಿಗಳು ನೇತಾಡುತ್ತಿದ್ದವು.

ಜೇನು ಗಿಡುಗ ಊರಿಗೆ ಬರುವುದು ಅದಕ್ಕೇ. ಟ್ಯಾಂಕು, ಕಾಲೇಜು ಕಟ್ಟಡ, ಎತ್ತರದ ಮರ, ಎಲ್ಲಿ ಹೆಜ್ಜೇನು ಕಟ್ಟುತ್ತದೋ ಅಲ್ಲಿಗೆ. ಅದಕ್ಕೆ ಮುಖ್ಯವಾಗಿ ಬೇಕಾಗಿರುವುದು ತಟ್ಟಿಯೊಳಗಿನ ಮರಿಹುಳು. ಜೇನುಹುಳು ಕಚ್ಚದಿರಲೆಂದು ಮುಖದ ಗರಿಗಳು ಚಿಕ್ಕದಾಗಿ, ಒತ್ತೊತ್ತಾಗಿ, ಮೀನಿನ ಪೊರೆಯಷ್ಟು ಗಟ್ಟಿಯಾಗಿ ಕೂತಿರುತ್ತವೆ. ಉಗುರು ಬೇರೆ ಗಿಡುಗಗಳಷ್ಟು ಬಾಗಿರುವುದಿಲ್ಲ, ಕೆರೆಯಲು ಅನುಕೂಲ. ಕೆಲವು ಇಲ್ಲೇ ಇರುವವು, ಕೆಲವು ಚಳಿಗಾಲಕ್ಕೆ ಉತ್ತರದಿಂದ ಬರುವವು.

ಪತ್ರಿಕೆಯಲ್ಲಿ ಆಗಾಗ ಓದುತ್ತೀರಿ ಅಲ್ವಾ, 'ಹದ್ದು ಕುಕ್ಕಿದ್ದರಿಂದ ಹೆಜ್ಜೇನು ಎದ್ದು ಜನರ ಮೇಲೆ ದಾಳಿ' ಎಂದು? ಆ ಹದ್ದು ಬಹುಪಾಲು ಈ ಜೇನು ಗಿಡುಗವೇ. ಮಕ್ಕಳನ್ನು ಟೆರೇಸಿಗೆ ಬಿಡಬೇಡಿ ಎಂದರಲ್ಲ, ಅದರಲ್ಲಿ ಒಂದು ನಿಜ ಇದೆ, ಕಾರಣ ಮಾತ್ರ ಬೇರೆ. ಹೆಜ್ಜೇನು ಇರುವ ಕಟ್ಟಡದ ಸುತ್ತ ಈ ಹಕ್ಕಿ ಮತ್ತೆ ಮತ್ತೆ ಸುತ್ತುತ್ತಿದ್ದರೆ ಆ ಕಟ್ಟಡದ ಕೆಳಗೆ ನಿಲ್ಲಬೇಡಿ. ಶಾಲೆಯಾದರೆ ಮಕ್ಕಳನ್ನು ಒಳಗೆ ಕರೆದುಕೊಂಡು ಕಿಟಕಿ ಮುಚ್ಚಿ. ಭಯ ಹುಳುವಿನದು, ಹಕ್ಕಿಯದಲ್ಲ. ಇದಕ್ಕೇ ನಾನು ಸರಿಯಾಗಿ ಗುರುತಿಸಬೇಕು ಎಂದು ಇಷ್ಟು ಒತ್ತಿ ಹೇಳುವುದು. ಹಕ್ಕಿ ಯಾವುದು ಎಂದು ಗೊತ್ತಾದರೆ ಏನು ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಹಕ್ಕಿ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನೀವೂ ನೋಡಿರುತ್ತೀರಿ. ಅದು 2012ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅನಿಮೇಷನ್ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಮಾಡಿದ್ದು. ಮಾಡಿದವರೇ ಒಪ್ಪಿಕೊಂಡರು. ಆದರೂ ಅದು ಇನ್ನೂ ಸುತ್ತುತ್ತಲೇ ಇದೆ. ಹದ್ದಿನ ತೂಕ ನೆನಪಿದೆಯಲ್ಲ? ಒಂದು ಕೆಜಿ ಇಲ್ಲದ ಹಕ್ಕಿ ಹತ್ತು ಕೆಜಿಯ ಮಗುವನ್ನು ಎತ್ತಲು ಸಾಧ್ಯವೇ ಇಲ್ಲ. ಗೂಡು ಇರುವ ಮರದ ಹತ್ತಿರ ಹೋದರೆ ಹದ್ದು ತಲೆಗೆ ಬಡಿಯುವುದುಂಟು. ಅದು ಮರಿ ಕಾಯುವ ಕೆಲಸ. ಆ ತಿಂಗಳುಗಳಲ್ಲಿ ಛತ್ರಿ ಹಿಡಿದು ಹೋಗಿ, ಅಥವಾ ಬೇರೆ ದಾರಿ ಹಿಡಿಯಿರಿ. ಗೂಡು ಕೀಳಬೇಡಿ, ಅದು ಕಾನೂನಿನ ಪ್ರಕಾರವೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಗಳಿಗೂ ರಕ್ಷಣೆ ಕೊಟ್ಟಿದೆ.

ಗಾತ್ರದ ಬಗ್ಗೆ ಒಂದು ಮಾತು. 'ಬಹಳ ದೊಡ್ಡದಿತ್ತು ಸಾರ್' ಎನ್ನುತ್ತಾರೆ ಎಲ್ಲರೂ. ಬರಿ ಆಕಾಶದಲ್ಲಿ ಗಾತ್ರ ಅಳೆಯಲು ಕಣ್ಣಿಗೆ ಆಗುವುದಿಲ್ಲ. ಕಾಗೆ ಇದ್ದರೆ ಆಗುತ್ತದೆ. ಊರ ಕಾಗೆ ಸುಮಾರು 40 ಸೆಂಟಿಮೀಟರ್. ಬೇಟೆಹಕ್ಕಿ ಬಂದರೆ ಕಾಗೆ ಬೆನ್ನು ಹತ್ತದೆ ಬಿಡುವುದಿಲ್ಲ. ಕಾಗೆಗಳು ದಿನಾ ಕಾಣುವ ಹದ್ದನ್ನು ಅಷ್ಟಾಗಿ ಲೆಕ್ಕಿಸದೆ, ಇದ್ದಕ್ಕಿದ್ದಂತೆ ಗುಂಪಾಗಿ ಗಲಾಟೆ ಎಬ್ಬಿಸಿದರೆ ತಲೆ ಎತ್ತಿ ನೋಡಿ. ಹೊಸಬರು ಯಾರೋ ಬಂದಿದ್ದಾರೆ.

ಫೋಟೋ ತೆಗೆಯುವಾಗ ಒಂದೇ ತೆಗೆದು ನಿಲ್ಲಿಸಬೇಡಿ. ಕೆಳಗಿನಿಂದ ರೆಕ್ಕೆ, ತಿರುಗುವಾಗ ಬಾಲ, ಕೂತಾಗ ಕಾಲು. ಮೊಬೈಲಾದರೆ ವಿಡಿಯೋ ಮಾಡಿ, ಹಾರುವ ರೀತಿ ಉಳಿಯುತ್ತದೆ. ದಿನ, ಹೊತ್ತು, ಜಾಗ ಬರೆದಿಡಿ. ಮರ್ಲಿನ್ ಆ್ಯಪ್ ಹೆಸರು ಸೂಚಿಸುತ್ತದೆ, ಉಪಯೋಗಿಸಿ. ಆದರೆ ಅದು ಹೇಳಿದ ಹೆಸರನ್ನು ಬಾಲ, ರೆಕ್ಕೆ, ಕಾಲಿನ ಜೊತೆ ಹೋಲಿಸಿ ನೋಡಿದ ಮೇಲೆ ಒಪ್ಪಿ. ಆಮೇಲೆ ಹಕ್ಕಿ ನೋಡಿದವರು ದಾಖಲೆ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ನಿಂತಿರುವುದು ಸುಮಾರು 30,000 ಹಕ್ಕಿ ವೀಕ್ಷಕರು ಹಾಗೆ ಬರೆದಿಟ್ಟ ದಾಖಲೆಗಳ ಮೇಲೆ. ಬಹಳ ಇಳಿಮುಖವಾಗಿರುವ ಗುಂಪುಗಳಲ್ಲಿ ಬೇಟೆಹಕ್ಕಿಗಳೂ ಇವೆ ಎಂದು ಅದು ಹೇಳುತ್ತದೆ. ರಣಹದ್ದಿನ ಕಥೆ ನಿಮಗೆ ಗೊತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಹಾಳುಮಾಡಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಗುವ ಹೊತ್ತಿಗೆ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹೋಗಿಬಿಟ್ಟಿದ್ದವು. ಎಲ್ಲೆಲ್ಲೂ ಇದ್ದ ಹಕ್ಕಿ ಅದು. ಎಲ್ಲೆಲ್ಲೂ ಇದ್ದದ್ದರಿಂದಲೇ ಎಷ್ಟಿವೆ ಎಂದು ಎಣಿಸಿಟ್ಟವರು ಕಡಿಮೆ. ಅದಕ್ಕೇ ಮಾಮೂಲಿ ಹದ್ದನ್ನೂ ಎಣಿಸಿ ಬರೆಯಿರಿ ಎಂದು ನಾನು ಕೇಳಿಕೊಳ್ಳುವುದು.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸಾರ್, ಹದ್ದುಗಳು ವರ್ಷವಿಡೀ ಇಲ್ಲೇ ಇರುತ್ತವಾ?' ಒಳ್ಳೆಯ ಪ್ರಶ್ನೆ ಕಣಮ್ಮ. ಇಲ್ಲೇ ಗೂಡು ಕಟ್ಟುವವು ಇಲ್ಲೇ ಇರುತ್ತವೆ. ಆದರೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಇನ್ನೊಂದು ಬಗೆಯ ಹದ್ದೂ ಭಾರತಕ್ಕೆ ಬರುತ್ತದೆ. ಸ್ವಲ್ಪ ದೊಡ್ಡದು, ರೆಕ್ಕೆಯ ಕೆಳಗೆ, ತುದಿಯ ಉದ್ದ ಗರಿಗಳ ಬುಡದಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ದೆಹಲಿಯ ಕಸದ ರಾಶಿಗಳ ಮೇಲೆ ಚಳಿಗಾಲ ಕಳೆಯುವ ಇಂಥ ಹದ್ದುಗಳಿಗೆ ಸಂಶೋಧಕರು ಉಪಗ್ರಹ ಟ್ಯಾಗ್ ಕಟ್ಟಿ ನೋಡಿದರು. ಬೇಸಿಗೆಯಲ್ಲಿ ಅವು ಹಿಮಾಲಯ ದಾಟಿ ಕಜಕಸ್ತಾನ, ರಷ್ಯಾ ಕಡೆಗೆ ಹೋಗಿದ್ದವು. ಡಿಸೆಂಬರಿನಲ್ಲಿ ಹದ್ದಿನ ಗುಂಪು ಕಂಡರೆ ಆ ಮಚ್ಚೆ ಹುಡುಕು.

ಇನ್ನೊಬ್ಬರು, ತೋಟದ ಯಜಮಾನರು, ಕೇಳಿದ್ದು: 'ಪೆಟ್ಟಾಗಿ ಬಿದ್ದ ಗಿಡುಗ ಸಿಕ್ಕರೆ ಏನು ಮಾಡೋದು?' ಕೊಕ್ಕಿಗಿಂತ ಕಾಲಿನ ಉಗುರಿಗೆ ಹೆದರಿ. ದಪ್ಪ ಟವೆಲ್ ಅಥವಾ ಗೋಣಿಚೀಲವನ್ನು ಮೇಲಿನಿಂದ ಹೊದಿಸಿ, ತಲೆ ಮುಚ್ಚಿದರೆ ಶಾಂತವಾಗುತ್ತದೆ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಕತ್ತಲೆ ಇರುವ, ಸದ್ದಿಲ್ಲದ ಜಾಗದಲ್ಲಿ ಇಡಿ. ಹಾಲು, ಅನ್ನ ಕೊಡಬೇಡಿ, ಬಾಯಿಗೆ ನೀರು ಹಾಕಬೇಡಿ. ಫೋಟೋ ತೆಗೆಯಲು ಮತ್ತೆ ಮತ್ತೆ ಪೆಟ್ಟಿಗೆ ತೆರೆಯಬೇಡಿ. ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಿ, ಮನೆಯಲ್ಲಿ ಸಾಕುವ ಹಾಗಿಲ್ಲ. ಮೈಮೇಲೆ ಪೆಟ್ಟಿಲ್ಲದೆ, ಗರಿ ಇನ್ನೂ ಪೂರ್ತಿ ಬೆಳೆಯದ ಮರಿ ನೆಲದಲ್ಲಿ ಕೂತಿದ್ದರೆ ಅದು ಹಾರಲು ಕಲಿಯುತ್ತಿರಬಹುದು. ನಾಯಿ, ಬೆಕ್ಕು ಬರದಂತೆ ನೋಡಿಕೊಂಡು ದೂರ ನಿಲ್ಲಿ. ತಾಯಿ ಹಕ್ಕಿ ತುತ್ತು ತಂದು ಕೊಟ್ಟಿತೋ, ಅದನ್ನು ಅಲ್ಲೇ ಬಿಟ್ಟು ಬನ್ನಿ.